ಗುಂಡಿ ತೋಡೋವಾಗ ಅಲ್ಲ, ಲೈನ್ ಗೀಚೋವಾಗ್ಲೇ ರಾಜ್ಯ ಸರ್ಕಾರ ಬಾಯಿ ಬಿಡ್ಲಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೈ ಟೆನ್ಷನ್ ಲೈನ್ ವಿರೋಧಿಸಿ ರೈತರ ಧರಣಿ, ಟವರ್ ಗುಂಡಿಗೆ ಇಳಿದು ಪ್ರತಿಭಟನೆ, ಪೊಲೀಸ್ ಬಂದೋಬಸ್ತ್‌ನಲ್ಲಿ ಕೆಲಸ ಶುರು, ಈ ಥರದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರ್ತಾನೇ ಇರುತ್ತೆ, ಊರಿನ ಹೆಸರು ಬದಲಾಗುತ್ತೆ ಅಷ್ಟೇ. ಶಾಸಕರು ರೈತರ ಜೊತೆ ನಾವಿದ್ದೀವಿ ಅಂತಾರೆ, ಅಧಿಕಾರಿಗಳು ಇದು ಕೇಂದ್ರದ ಯೋಜನೆ ನಮ್ಮ ಕೈಲಿಲ್ಲ ಅಂತಾರೆ, ಕಂಪನಿಯವರು ನಮ್ಮ ಹತ್ರ ಆರ್ಡರ್ ಇದೆ ಅಂತಾರೆ, ಆಮೇಲೆ ನೋಡಿದ್ರೆ ಟವರ್ ಎದ್ದಿರುತ್ತೆ. ಇದನ್ನೆಲ್ಲ ಓದಿದಾಗ ನನಗೆ ಬರೋ ಪ್ರಶ್ನೆ ಒಂದೇ. ಈ ಲೈನನ್ನ ನಕ್ಷೆ ಮೇಲೆ ಗೀಚೋವಾಗ ನಮ್ಮ ರಾಜ್ಯ ಸರ್ಕಾರ ಎಲ್ಲಿತ್ತು?

ನಾನು ಹೊಳಲ್ಕೆರೆ ತಾಲ್ಲೂಕಿನವನು, ಈಗ ಅಡಿಕೆ ತೋಟ ನೋಡ್ಕೊಂಡಿದ್ದೀನಿ. ಅದಕ್ಕೂ ಮೊದಲು ಟವರ್ ಲೈನ್ ಕಂಟ್ರಾಕ್ಟರ್ ಒಬ್ಬರ ಹತ್ರ ಸೂಪರ್‌ವೈಸರ್ ಆಗಿದ್ದೆ. ಗುಂಡಿ ತೋಡ್ಸೋದು, ಟವರ್ ಕಾಲಿನ ಬುಡ ಕೂರಿಸೋದು (ಸ್ಟಬ್ ಸೆಟ್ಟಿಂಗ್), ಕಾಂಕ್ರೀಟು, ಕೊನೆಗೆ ತಂತಿ ಎಳೆಯೋದು (ಸ್ಟ್ರಿಂಗಿಂಗ್), ಇವೆಲ್ಲ ಕಣ್ಣಾರೆ ಕಂಡಿದ್ದೇ. ಹಾಗಾಗಿ ರೈತರ ಸಿಟ್ಟೂ ಗೊತ್ತು, ಲೈನ್ ಯಾಕೆ ಬೇಕು ಅನ್ನೋದೂ ಗೊತ್ತು.

ಲೈನ್ ಬೇಡವೇ ಬೇಡ ಅನ್ನೋ ಗುಂಪಿಗೆ ನಾನು ಸೇರಿದವನಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ (ಕಿಲೋವೋಲ್ಟ್) ಲೈನ್ ಚಾಲೂ ಆದ್ಮೇಲೇನೇ ದಕ್ಷಿಣದ ಗ್ರಿಡ್ಡು, ಅಂದ್ರೆ ಕರೆಂಟ್ ಲೈನುಗಳ ಜಾಲ, ದೇಶದ ಉಳಿದ ಗ್ರಿಡ್ಡಿನ ಜೊತೆ ಸರಿಯಾಗಿ ಒಂದಾಗಿದ್ದು. ಅಲ್ಲಿವರೆಗೂ ಉತ್ತರದಲ್ಲಿ ಕರೆಂಟ್ ಅಗ್ಗಕ್ಕೆ ಸಿಕ್ತಿದ್ರೂ ಇಲ್ಲಿಗೆ ಬೇಕಾದಷ್ಟು ತರೋಕೆ ದಾರಿ ಇರ್ಲಿಲ್ಲ. ರಾಜ್ಯದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿ ಆಗಿದೆ, ಬೇಸಿಗೇಲಿ ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರ್ಬೇಕು ಅಂದ್ರೆ ಎಲ್ಲಿಂದಲೋ ಯಾರದ್ದೋ ಹೊಲದ ಮೇಲೆ ಹಾದು ಬರ್ಲೇಬೇಕು. ಹಾಗಿದ್ಮೇಲೆ ಯಾರ ಹೊಲ, ಯಾವ ದಾರಿ, ಯಾವ ರೇಟು ಅನ್ನೋದನ್ನ ಮೊದಲೇ ಕೂತು ಮಾತಾಡ್ಬೇಕೋ ಬೇಡ್ವೋ?

ಕೇಂದ್ರದ ಯೋಜನೆ ಅನ್ನೋ ಮಾತು ಅರ್ಧ ಸತ್ಯ. ವಿದ್ಯುತ್ ಅನ್ನೋದು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದ್ರೆ ಕೇಂದ್ರಕ್ಕೂ ಹಕ್ಕು ರಾಜ್ಯಕ್ಕೂ ಹಕ್ಕು. 2003ರ ವಿದ್ಯುತ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ರಾಜ್ಯದಿಂದ ರಾಜ್ಯಕ್ಕೆ ಹೋಗೋ ಲೈನಿನ ಪ್ಲ್ಯಾನ್ ಕೇಂದ್ರ ಪ್ರಸರಣ ಸಂಸ್ಥೆ ಮಾಡ್ಬೇಕು, 39ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಲೈನಿನ ಪ್ಲ್ಯಾನ್ ರಾಜ್ಯ ಪ್ರಸರಣ ಸಂಸ್ಥೆ ಮಾಡ್ಬೇಕು. ನಮ್ಮಲ್ಲಿ ಅದು ಕೆಪಿಟಿಸಿಎಲ್, 1999ರಲ್ಲಿ ಹಳೇ ಕೆಇಬಿ ಒಡೆದು ಮಾಡಿದ್ದು. ಕೇಂದ್ರದ ಸಂಸ್ಥೆ ಪ್ಲ್ಯಾನ್ ಮಾಡೋವಾಗ ರಾಜ್ಯದ ಸಂಸ್ಥೆ ಜೊತೆಗೂ ರಾಜ್ಯ ಸರ್ಕಾರದ ಜೊತೆಗೂ ಸಮನ್ವಯ ಮಾಡ್ಲೇಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ದಕ್ಷಿಣದ ರಾಜ್ಯಗಳೆಲ್ಲ ಸೇರೋ ದಕ್ಷಿಣ ಪ್ರಾದೇಶಿಕ ವಿದ್ಯುತ್ ಸಮಿತಿಯ ಆಫೀಸ್ ಇರೋದು ಎಲ್ಲಿ ಅಂದ್ಕೊಂಡ್ರಿ, ಬೆಂಗಳೂರಲ್ಲೇ! ದಿಲ್ಲಿಗೆ ವಿಮಾನ ಹತ್ತೋ ಕಷ್ಟವೂ ಇಲ್ಲ. ಅಂದ್ರೆ ಲೈನ್ ಬರುತ್ತೆ ಅಂತ ನಮ್ಮೋರಿಗೆ ವರ್ಷಗಟ್ಟಲೆ ಮೊದಲೇ ಗೊತ್ತಿರುತ್ತೆ, ಗೊತ್ತಿಲ್ದೇ ಇರೋದು ಹೊಲದ ಯಜಮಾನನಿಗೆ ಮಾತ್ರ.

ಹಾಗೆ ನೋಡಿದ್ರೆ ಈ ವಿಷಯದಲ್ಲಿ ನಮ್ಮೋರು ಯಾರಿಂದಲೂ ಪಾಠ ಕಲೀಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ಲೈನ್ ಎಳೆದಿದ್ದು ಮೈಸೂರು ಸಂಸ್ಥಾನ. ಆಗ ಬೆಂಗಳೂರಿಗೇ ಕರೆಂಟ್ ಬಂದಿರ್ಲಿಲ್ಲ, ಅದು ಬಂದಿದ್ದು 1905ರಲ್ಲಿ. ಎಲ್ಲಿ ಹುಟ್ಟುತ್ತೆ, ಎಲ್ಲಿಗೆ ಹೋಗ್ಬೇಕು, ಯಾರು ದುಡ್ಡು ಕೊಡ್ತಾರೆ ಅಂತ ಮೂರೂ ಲೆಕ್ಕ ಹಾಕಿ ಮಾಡಿದ ಕೆಲಸ ಅದು.

ಈಗಿನ ಕಥೆ ಪಾವಗಡದ ಸೋಲಾರ್ ಪಾರ್ಕಿನಿಂದ ಶುರು ಮಾಡೋಣ. 2050 ಮೆಗಾವ್ಯಾಟ್, ಸುಮಾರು 13 ಸಾವಿರ ಎಕರೆ, ತಿರುಮಣಿ, ವಳ್ಳೂರು ಕಡೆಯ ಒಣಭೂಮಿ. ಅಲ್ಲಿ ಸರ್ಕಾರ ಒಂದು ಒಳ್ಳೇ ಕೆಲಸ ಮಾಡ್ತು, ಜಮೀನು ಕೊಳ್ಳದೇ ಲೀಸ್‌ಗೆ ತಗೊಂಡ್ತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಂದ ಶುರು, ಎರಡು ವರ್ಷಕ್ಕೊಂದ್ಸಲ ಐದು ಪರ್ಸೆಂಟ್ ಏರಿಕೆ, ಪಹಣಿ ರೈತನ ಹೆಸರಲ್ಲೇ. ಇದರಲ್ಲೂ ತಕರಾರು ಇಲ್ಲ ಅಂತಲ್ಲ, ಜಮೀನಿಲ್ಲದ ಕೂಲಿಯವರಿಗೆ ಏನು ಸಿಕ್ತು ಅನ್ನೋದು ಬೇರೇನೇ ದೊಡ್ಡ ಮಾತು. ಆದ್ರೂ ದುಡ್ಡು ವರ್ಷ ವರ್ಷ ಬರುತ್ತೆ ಅನ್ನೋದು ದೊಡ್ಡದು.

ಈಗ ಅದೇ ಪಾರ್ಕಿನ ಕರೆಂಟ್ ಹೊರಗೆ ಹೋಗ್ಬೇಕಲ್ಲ, ಆ ಲೈನಿನ ಕೆಳಗಿನ ರೈತನ ಕಥೆ ಏನು? ಅವನಿಗೆ ಲೀಸೂ ಇಲ್ಲ, ಬಾಡಿಗೆನೂ ಇಲ್ಲ, ಒಂದ್ಸಲ ಒಂದು ಚೆಕ್ ಕೊಟ್ಟು ಮುಗಿಸ್ತಾರೆ. 400 ಕೆವಿ ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ಲೆಕ್ಕ ಹಾಕಿ, ಒಂದು ಕಿಲೋಮೀಟರ್‌ಗೆ 11 ಎಕರೆಗೂ ಮೇಲಾಯ್ತು. 220 ಕೆವಿಗೆ 35 ಮೀಟರ್, 765 ಕೆವಿ ಡಬಲ್ ಸರ್ಕ್ಯೂಟ್ (ಒಂದೇ ಟವರ್ ಮೇಲೆ ಎರಡು ಲೈನ್) ಆದ್ರೆ 67 ಮೀಟರ್. ಈ ಪಟ್ಟಿಯೊಳಗೆ ಮನೆ ಕಟ್ಟಂಗಿಲ್ಲ, ಎತ್ತರ ಬೆಳೆಯೋ ಮರ ಇಡಂಗಿಲ್ಲ, ಬೋರ್‌ವೆಲ್ ಗಾಡಿಯವನು ತಂತಿ ನೋಡಿದ್ ಕೂಡ್ಲೇ ಬರಲ್ಲ ಅಂತಾನೆ. ರಾಗಿ ಜೋಳ ಬೆಳೆಯೋನಿಗೆ ಹೆಂಗೋ ಆಗುತ್ತೆ ಅಂತಿಟ್ಕೊಳ್ಳಿ, ಅಡಿಕೆ ತೆಂಗಿನವನಿಗೆ ಅಷ್ಟೂ ಜಾಗ ಹೋದಂಗೇ. ಒಂದು ಅಡಿಕೆ ಗಿಡ ಫಸಲಿಗೆ ಬರೋಕೆ ಐದಾರು ವರ್ಷ ಬೇಕು, ಗರಗಸದೋನಿಗೆ ಐದು ನಿಮಿಷ ಸಾಕು.

ಇನ್ನೊಂದು ಕಡೆ ಟೆಂಡರ್ ಗೆದ್ದ ಪ್ರಸರಣ ಕಂಪನಿಗೆ ಏನು ಸಿಗುತ್ತೆ ನೋಡಿ. ಈಗ ಅಂತರರಾಜ್ಯ ಲೈನ್‌ಗಳೆಲ್ಲ ಬಹುತೇಕ ಬಿಡ್ಡಿಂಗ್ ಮೇಲೆ ಹೋಗ್ತವೆ, ಗೆದ್ದೋರಿಗೆ 35 ವರ್ಷ ಪ್ರಸರಣ ಶುಲ್ಕ ಬರ್ತಾ ಇರುತ್ತೆ. ಕಂಪನಿಗೆ 35 ವರ್ಷ ದುಡ್ಡು, ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟೋನಿಗೆ ಲೀಸ್ ಇರೋವರೆಗೂ ದುಡ್ಡು, ಇವೆರಡನ್ನೂ ಜೋಡಿಸೋ ತಂತಿ ಕೆಳಗೆ ಕೂತೋನಿಗೆ ಒಂದೇ ಒಂದು ಸಲ. ಇದು ಯಾವ ಸೀಮೆ ನ್ಯಾಯ? ಎಕರೆಗಿಷ್ಟು ಅಂತ ವರ್ಷದ ಬಾಡಿಗೆ ಲೈನಿಗೂ ಕೊಡಿ ಅಂದ್ರೆ ಯೋಜನೆ ದುಬಾರಿ ಆಗುತ್ತೆ ಅಂತಾರೆ. ಧರಣಿ, ಕೋರ್ಟು, ಸ್ಟೇ ಅಂತ ವರ್ಷಗಟ್ಟಲೆ ಲೈನ್ ನಿಂತ್ರೆ ಆಗೋ ಬಡ್ಡಿ ದುಬಾರಿ ಅಲ್ವಾ?

ಪರಿಹಾರದ ವಿಷಯದಲ್ಲಂತೂ ರಾಜ್ಯ ಸರ್ಕಾರ ಕೈ ತೊಳ್ಕೊಳ್ಳೋಕೆ ಬರೋದೇ ಇಲ್ಲ. 2015ರಲ್ಲಿ ಕೇಂದ್ರ ಇಂಧನ ಇಲಾಖೆ ಒಂದು ಮಾರ್ಗಸೂಚಿ ಹೊರಡಿಸಿತ್ತು, ಟವರ್ ನಿಲ್ಲೋ ಜಾಗಕ್ಕೆ ಜಮೀನಿನ ಬೆಲೆಯ 85 ಪರ್ಸೆಂಟ್, ತಂತಿ ಕೆಳಗಿನ ಪಟ್ಟಿಗೆ ಹೆಚ್ಚಂದ್ರೆ 15 ಪರ್ಸೆಂಟ್ ಅಂತ. 2024ರ ಜೂನ್‌ನಲ್ಲಿ ಅದನ್ನ ಟವರ್ ಜಾಗಕ್ಕೆ 200 ಪರ್ಸೆಂಟ್, ಪಟ್ಟಿಗೆ 30 ಪರ್ಸೆಂಟ್ ಮಾಡಿದ್ರು. ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ಮಾರ್ಗಸೂಚಿ, ಅದನ್ನ ಒಪ್ಕೊಂಡು ಆದೇಶ ಮಾಡಿ ಜಾರಿ ಮಾಡೋದು ರಾಜ್ಯದ ಕೆಲಸ. ಜಮೀನಿನ ಬೆಲೆ ಎಷ್ಟು ಅಂತ ಹೇಳೋನು ಡಿಸಿ. ಆ ಬೆಲೆಗೆ ಬುಡ ಆಗೋ ಗೈಡೆನ್ಸ್ ವ್ಯಾಲ್ಯೂ ನಿಗದಿ ಮಾಡೋದು ರಾಜ್ಯದ್ದೇ ನೋಂದಣಿ ಇಲಾಖೆ. ಮಾರ್ಕೆಟ್ಟಲ್ಲಿ ಒಂದು ರೇಟು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇನ್ನೊಂದು ರೇಟು, ಆ ಇನ್ನೊಂದು ರೇಟಿನ 30 ಪರ್ಸೆಂಟ್ ಅಂದ್ರೆ ಕೈಗೆ ಬರೋದೆಷ್ಟು ಅಂತ ಹಳ್ಳಿ ಕಡೆ ಎಲ್ಲರಿಗೂ ಗೊತ್ತು.

ರಾಜ್ಯ ಮನಸ್ಸು ಮಾಡಿದ್ರೆ ಏನಾಗುತ್ತೆ ಅನ್ನೋಕೆ ಪಕ್ಕದ ಕೇರಳ ನೋಡಿ. ಕೂಡಂಕುಳಂ ಅಣು ಸ್ಥಾವರದ ಕರೆಂಟ್ ತರೋ ಇಡಮಣ್–ಕೊಚ್ಚಿ 400 ಕೆವಿ ಲೈನ್ ಜಮೀನಿನ ಜಗಳದಲ್ಲಿ ವರ್ಷಾನುಗಟ್ಟಲೆ ನಿಂತೇ ಹೋಗಿತ್ತು, ರಬ್ಬರ್ ತೋಟದವರು ಬಿಡಲಿಲ್ಲ. ಕೊನೆಗೆ ರಾಜ್ಯ ಸರ್ಕಾರವೇ ವಿಶೇಷ ಪರಿಹಾರ ಪ್ಯಾಕೇಜ್ ಮಾಡಿ, ಅದರ ಹೊರೆಯಲ್ಲಿ ತಮ್ಮ ವಿದ್ಯುತ್ ಮಂಡಳಿಯೂ ಪಾಲು ತಗೊಂಡು, 2019ರಲ್ಲಿ ಲೈನ್ ಮುಗಿಸಿದ್ರು. ತಮಿಳುನಾಡಿನ ಪುಗಲೂರಿಂದ ಬರೋ ಪುಗಲೂರು–ತ್ರಿಶ್ಶೂರ್ ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿಸಿ ಕರೆಂಟ್) ಲೈನ್ ಇದೆಯಲ್ಲ, 2000 ಮೆಗಾವ್ಯಾಟಿಂದು, 2021ರಲ್ಲಿ ಉದ್ಘಾಟನೆ ಆಗಿದ್ದು, ಅದು ಕೇರಳದೊಳಗೆ ಸ್ವಲ್ಪ ದೂರ ನೆಲದಡಿ ಕೇಬಲ್ಲಲ್ಲೇ ಹೋಗುತ್ತೆ, ಟವರ್‌ಗೆ ಜಾಗ ಸಿಗಲ್ಲ ಅಂತ ಪ್ಲ್ಯಾನಲ್ಲೇ ಹಾಗೆ ಸೇರಿಸಿದ್ರು. ಎಲ್ಲ ಕಡೆ ನೆಲದಡಿ ಹಾಕಿ ಅಂತ ನಾನು ಹೇಳ್ತಿಲ್ಲ, ಅದರ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಎಲ್ಲಿ ಬೇಕೋ ಅಲ್ಲಿ ಮೊದಲೇ ಕೇಳಿದ್ರೆ ಸಿಗುತ್ತೆ, ಗುಂಡಿ ತೋಡಿದ್ಮೇಲೆ ಕೇಳಿದ್ರೆ ಸಿಗಲ್ಲ, ಇಷ್ಟೇ ನನ್ನ ಮಾತು.

ಇದೇ ಮಾತನ್ನ ಉಡುಪಿ–ಕಾಸರಗೋಡು 400 ಕೆವಿ ಲೈನಿಗೆ ಹಚ್ಚಿ ನೋಡಿ. ಕಾರ್ಕಳದ ಇನ್ನಾದಿಂದ ಹಿಡಿದು ಬಂಟ್ವಾಳದ ವಿಟ್ಲದ ತನಕ ಅಡಿಕೆ ತೆಂಗು ಬೆಳೆಯೋರು ವರ್ಷಗಳಿಂದ ಬೀದಿಗೆ ಇಳಿದಿದ್ದಾರೆ, ಬೇರೆ ದಾರಿ ಹುಡುಕಿ, ಇಲ್ಲ ಕೇಬಲ್ ಹಾಕಿ ಅಂತ. ಅಲ್ಲಿ ಹಿಡುವಳಿಗಳು ಎಷ್ಟು ಚಿಕ್ಕವು ಅಂತ ಗೊತ್ತಲ್ಲ, ಒಂದೆರಡು ಎಕರೆ ಇರೋನಿಗೆ 46 ಮೀಟರ್ ಪಟ್ಟಿ ಅಡ್ಡ ಬಿದ್ರೆ ಉಳಿಯೋದೇನು. ಕರಾವಳಿ ಹಿಡುವಳಿ ಹಿಂಗಿದೆ, ತೋಟ ಹಿಂಗಿದೆ ಅಂತ ಪ್ಲ್ಯಾನಿಂಗ್ ಮೀಟಿಂಗಲ್ಲೇ ಬಾಯ್ಬಿಟ್ಟು ಹೇಳ್ಬೇಕಾಗಿದ್ದೋರು ನಮ್ಮ ರಾಜ್ಯದೋರು. ಅದಕ್ಕೂ ಹಿಂದೆ ಮೈಸೂರು–ಕೋಳಿಕ್ಕೋಡ್ ಲೈನಿಗೆ ಕೊಡಗಲ್ಲಿ ಹತ್ತಾರು ಸಾವಿರ ಮರ ಬಿದ್ವು, ಆಗಲೂ ಗದ್ದಲ ಆಗಿದ್ದು ಕೊಡಲಿ ಬಿದ್ಮೇಲೇನೇ.

ಧಾರವಾಡದ ನರೇಂದ್ರದಿಂದ ಗೋವಾಕ್ಕೆ ಹೋಗ್ಬೇಕಿದ್ದ 400 ಕೆವಿ ಲೈನಲ್ಲಿ ಮಾತ್ರ ನಮ್ಮ ಸರ್ಕಾರ ಗಟ್ಟಿಯಾಗಿ ನಿಂತ್ತು, 2024ರಲ್ಲಿ ಪಶ್ಚಿಮ ಘಟ್ಟದ ಕಾಡು ಹಾಳಾಗುತ್ತೆ ಅಂತ ಬೇಡ ಅಂದ್ತು. ಒಳ್ಳೇದೇ. ಆದ್ರೆ ಅದೇ ಹೊತ್ತಲ್ಲಿ ಮಹದಾಯಿ ನೀರಿಗೆ ನೀವು ಅಡ್ಡ ಬಂದ್ರೆ ಲೈನಿಗೆ ನಾವು ಅಡ್ಡ ಬರ್ತೀವಿ ಅನ್ನೋ ಧಾಟಿಯ ಮಾತೂ ಕೇಳಿಬಂತು. ಕಳಸಾ-ಬಂಡೂರಿ ಆಗ್ಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೂ ಕಾಡಿನ ಮೇಲೆ ಪ್ರೀತಿ ನೀರಿನ ಜಗಳ ಇದ್ದಾಗ ಮಾತ್ರ ಉಕ್ಕಿ ಬಂದ್ರೆ, ನಾಳೆ ಜಗಳ ಮುಗಿದ ದಿನ ಆ ಕಾಡನ್ನ ಕೇಳೋರ್ಯಾರು?

ಅಧಿಕಾರ ಇಲ್ಲ ಅಂತ ಹೇಳೋರಿಗೆ ಇನ್ನೊಂದು ನೆನಪಿಸ್ತೀನಿ. 2023ರ ಅಕ್ಟೋಬರ್, ಮಳೆ ಕೈಕೊಟ್ಟು ಕರೆಂಟಿಗೆ ಹಾಹಾಕಾರ ಆದಾಗ ಇದೇ ರಾಜ್ಯ ಸರ್ಕಾರ ಇದೇ 2003ರ ಕಾಯ್ದೆಯ 11ನೇ ಸೆಕ್ಷನ್ ತೆಗೆದು ರಾಜ್ಯದ ಖಾಸಗಿ ಉತ್ಪಾದಕರಿಗೆಲ್ಲ ಕರೆಂಟ್ ನಮಗೇ ಕೊಡಿ ಅಂತ ಆದೇಶ ಮಾಡ್ತು. ಬೇಕಾದಾಗ ಕಾಯ್ದೆ ಪುಸ್ತಕ ಸಿಗುತ್ತೆ, 39ನೇ ಸೆಕ್ಷನ್ ಪುಟ ಮಾತ್ರ ಸಿಗಲ್ಲ.

ಇಲ್ಲಿ ಕೇಂದ್ರದ್ದೂ ತಪ್ಪಿದೆ. ಸೋಲಾರು, ಗಾಳಿ ಕರೆಂಟಿಗೆ ಅಂತರರಾಜ್ಯ ಪ್ರಸರಣ ಶುಲ್ಕ ಪೂರ್ತಿ ಮಾಫಿ ಅಂತ ಇಟ್ಟಿದ್ರು, 2025ರ ಜೂನ್ 30ರೊಳಗೆ ಚಾಲೂ ಆದ ಪ್ರಾಜೆಕ್ಟಿಗೆಲ್ಲ. ಹಿಂಗಾದಾಗ ಕಂಪನಿಯವನು ಕೆಪಿಟಿಸಿಎಲ್ ಸಬ್‌ಸ್ಟೇಷನ್‌ಗೆ ಯಾಕೆ ಕನೆಕ್ಷನ್ ತಗೋತಾನೆ ಹೇಳಿ, ಸೀದಾ ಕೇಂದ್ರದ ಗ್ರಿಡ್ಡಿಗೇ ಹೋಗ್ತಾನೆ. ಗಾಳಿ ನಮ್ಮ ಗದಗ ಕೊಪ್ಪಳದ್ದು, ಜಮೀನು ನಮ್ಮದು, ಕರೆಂಟ್ ಯಾವ ರಾಜ್ಯಕ್ಕೋ, ಲೈನ್ ಎಲ್ಲಿ ಹೋಗ್ಬೇಕು ಅನ್ನೋ ತೀರ್ಮಾನ ದಿಲ್ಲಿಯ ಸಮಿತಿದು. ಅವನಿಗೆ ಮಾಫಿ ಆದ ಶುಲ್ಕ ಗಾಳಿಗೆ ಹೋಗಲ್ಲ ಸ್ವಾಮಿ, ಉಳಿದ ಬಳಕೆದಾರರ ಮೇಲೆ ಹಂಚಿಕೆ ಆಗುತ್ತೆ, ಅದರಲ್ಲಿ ನಮ್ಮ ಎಸ್ಕಾಂಗಳೂ ಇವೆ. ಆಮೇಲೆ ಚಾಲೂ ಆಗೋ ಪ್ರಾಜೆಕ್ಟಿಗೆ ಆ ಮಾಫಿ ವರ್ಷಕ್ಕೆ 25 ಪರ್ಸೆಂಟ್‌ನಂತೆ ಇಳೀತಾ ಇದೆ. ಹಾಗಾಗಿ ರಾಜ್ಯದ ಗ್ರಿಡ್ಡಿಗೆ ಮತ್ತೆ ಬೆಲೆ ಬರೋ ಸಮಯ ಇದು, ಪ್ಲ್ಯಾನ್ ಸರಿಯಾಗಿ ಮಾಡೋರಿದ್ರೆ. ಹಸಿರು ಇಂಧನ ಕಾರಿಡಾರ್ ಅಂತ ರಾಜ್ಯದೊಳಗಿನ ಲೈನಿಗೇ ಕೇಂದ್ರದ ದುಡ್ಡು ಬರುತ್ತೆ, ಮೊದಲ ಹಂತದಲ್ಲಿ 40 ಪರ್ಸೆಂಟ್ ಅನುದಾನ ಇತ್ತು, ಎರಡನೇ ಹಂತದಲ್ಲಿ 33 ಪರ್ಸೆಂಟ್, ಎರಡರಲ್ಲೂ ಕರ್ನಾಟಕ ಇದೆ. ದುಡ್ಡು ಇದೆ, ಕಾನೂನು ಇದೆ, ಸಂಸ್ಥೆ ಇದೆ.

ಈಗ ನಾನು ಸೈಟಲ್ಲಿ ಕಂಡ ಒಂದು ವಿಷಯ ಹೇಳ್ತೀನಿ, ಇದು ಆಫೀಸಲ್ಲಿ ಕೂತೋರು ಬರೆಯಲ್ಲ. ಲೈನ್ ಅನ್ನೋದು ಒಂದು ಆಂಗಲ್ ಟವರ್‌ನಿಂದ ಇನ್ನೊಂದು ಆಂಗಲ್ ಟವರ್‌ಗೆ ನೇರವಾಗಿ ಹೋಗುತ್ತೆ, ಮಧ್ಯದ ಟವರ್‌ಗಳು ಹಗುರ, ತಿರುವಲ್ಲಿ ಇರೋದು ಭಾರ. ತಿರುವು ಜಾಸ್ತಿ ಆದಷ್ಟೂ ಉಕ್ಕು ಜಾಸ್ತಿ, ಕಾಂಕ್ರೀಟ್ ಜಾಸ್ತಿ. ಹಾಗಾಗಿ ಒಂದ್ಸಲ ಆಂಗಲ್ ಪಾಯಿಂಟ್ ಫಿಕ್ಸ್ ಆದ್ರೆ ಮುಗೀತು, ನಿಮ್ಮ ಹೊಲದ ಟವರನ್ನ ಹೆಚ್ಚಂದ್ರೆ ಅದೇ ಗೆರೆ ಮೇಲೆ ಹಿಂದೆ ಮುಂದೆ ಸರಿಸ್ಬಹುದು, ಪಕ್ಕಕ್ಕೆ ಸರಿಸೋಕಾಗಲ್ಲ. ದಾರಿ ಬದಲಾಯಿಸೋ ಅವಕಾಶ ಇರೋದು ಮೊದಲ ಸರ್ವೆಯಲ್ಲಿ ಮಾತ್ರ. ಆ ಸರ್ವೆ ಹೆಂಗ್ ನಡಿಯುತ್ತೆ ಗೊತ್ತಾ, ಇಬ್ಬರು ಹುಡುಗರು ಜಿಪಿಎಸ್ ಹಿಡ್ಕೊಂಡು ಬರ್ತಾರೆ, ಬದು ಮೇಲೆ ಒಂದು ಗೂಟ ಹೊಡೀತಾರೆ, ಕಲ್ಲಿಗೆ ಕೆಂಪು ಬಣ್ಣ ಬಳೀತಾರೆ, ಏನಪ್ಪಾ ಇದು ಅಂದ್ರೆ ಸರ್ವೆ ಅಂತಾರೆ. ಯಾವ ಸರ್ವೆ ಅಂತ ಅವರಿಗೂ ಪೂರ್ತಿ ಗೊತ್ತಿರಲ್ಲ. ಆಮೇಲೆ ಗುಂಡಿ ತೋಡೋಕೆ ನಾವು ಹೋದಾಗ ರೈತ ಅಡ್ಡ ನಿಲ್ತಿದ್ದ. ಅವನ ಹತ್ರ ಬೈಸ್ಕೊಳ್ತಿದ್ದೋನು ನಾನು, ದಾರಿ ತೀರ್ಮಾನ ಮಾಡಿದ ದೊಡ್ಡ ಮನುಷ್ಯರು ಯಾರೂ ಅಲ್ಲಿ ಇರ್ತಿರ್ಲಿಲ್ಲ. ಹಂಗೂ ಕೆಲವು ಕಡೆ ಲೈನ್ ಕಾರಣವೇ ಇಲ್ದೇ ಬಾಗಿರುತ್ತೆ, ಆ ಬಾಗಿನ ಪಕ್ಕ ಯಾರ ಲೇಔಟ್ ಇದೆ ಅಂತ ನೋಡಿದ್ರೆ ಕಾರಣ ತಿಳಿಯುತ್ತೆ ಬಿಡಿ.

ಕಾನೂನು ಪ್ರಕಾರ ನೋಟಿಸ್ ಕೊಟ್ಟಿದ್ದೀವಿ ಅಂತಾರೆ. ಹೌದು, ಕೊಟ್ಟಿರ್ತಾರೆ. ಪತ್ರಿಕೆಗಳಲ್ಲಿ ಟೆಂಡರ್ ಜಾಹೀರಾತಿನ ಮಧ್ಯೆ, ಭೂತಗನ್ನಡಿ ಹಿಡಿದ್ರೂ ಓದೋಕಾಗದ ಅಕ್ಷರದಲ್ಲಿ ಹಳ್ಳಿಗಳ ಪಟ್ಟಿ ಇರುತ್ತೆ, ಆಕ್ಷೇಪಣೆ ಇದ್ರೆ ಇಂತಿಷ್ಟು ದಿನದೊಳಗೆ ಸಲ್ಲಿಸಿ ಅಂತ. ಹಳ್ಳಿ ಹೆಸರು ಇರುತ್ತೆ, ಸರ್ವೆ ನಂಬರ್ ಇರಲ್ಲ, ನಕ್ಷೆ ಇರಲ್ಲ. ಊರಿಗೆ ಊರೇ ಆಕ್ಷೇಪಣೆ ಬರೀಬೇಕಾ? ಯಾರೂ ಬರೆಯಲ್ಲ. ಆಕ್ಷೇಪಣೆ ಬಂದಿಲ್ಲ ಅಂತ ಫೈಲ್ ಮುಂದೆ ಹೋಗುತ್ತೆ, ಅದೇ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಅಡಿಯಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕಂಪನಿಗೆ ಸಿಗುತ್ತೆ, ಅಲ್ಲಿಂದಾಚೆ ರೈತನ ಒಪ್ಪಿಗೆ ಯಾರಿಗೂ ಬೇಕಾಗಿಲ್ಲ. ಟೆಲಿಗ್ರಾಂ ಹೋಗಿ ಎಷ್ಟು ವರ್ಷ ಆಯ್ತು, ಅದರ ಹೆಸರಿನ ಅಧಿಕಾರ ಮಾತ್ರ ಹೊಲದಲ್ಲಿ ನಿಂತಿದೆ.

ಸರ್ಕಾರ ಇದನ್ನ ಸರಿ ಮಾಡೋಕೆ ಹೊಸ ಕಾಯ್ದೆ ಏನೂ ಬೇಡ. ಕೆಪಿಟಿಸಿಎಲ್ ಮುಂದಿನ ಐದು ಹತ್ತು ವರ್ಷಕ್ಕೆ ಯಾವ ಜಿಲ್ಲೇಲಿ ಯಾವ ಲೈನ್, ಯಾವ ಸಬ್‌ಸ್ಟೇಷನ್ ಅಂತ ಪ್ಲ್ಯಾನ್ ಮಾಡೇ ಮಾಡಿರುತ್ತೆ, ಅದನ್ನ ತಾಲ್ಲೂಕುವಾರು ನಕ್ಷೆ ಮಾಡಿ ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಅಂಟಿಸ್ಲಿ. ಕೇಂದ್ರದ ಲೈನ್ ಆದ್ರೂ ರಾಜ್ಯದೊಳಗೆ ಬರೋ ದಾರಿಗೆ ಎರಡು ಮೂರು ಆಯ್ಕೆ ಇಟ್ಟು ಗ್ರಾಮಸಭೇಲಿ ತೋರಿಸಿ, ಅದಾದ್ಮೇಲೆ ಅಭಿಪ್ರಾಯ ಕಳಿಸ್ತೀವಿ ಅಂತ ರಾಜ್ಯ ಹಠ ಹಿಡೀಲಿ. ಯಾವ ಬೆಟ್ಟಕ್ಕೆ ಗಾಳಿ ಕರೆಂಟಿನ ಫ್ಯಾನು, ಯಾವ ಬಯಲಿಗೆ ಸೋಲಾರು ಅಂತ ಪರ್ಮಿಷನ್ ಕೊಡೋವಾಗ್ಲೇ ಲೈನ್ ಎಲ್ಲಿ ಹೋಗುತ್ತೆ ಅಂತ ಕೇಳ್ಲಿ. ಸೋಲಾರ್ ಪ್ಲಾಂಟ್ ಎದ್ದು ನಿಲ್ಲೋಕೆ ಒಂದೂವರೆ ಎರಡು ವರ್ಷ ಸಾಕು, ದೊಡ್ಡ ಲೈನಿಗೆ ಅದರ ಎರಡರಷ್ಟು ಬೇಕು. ಮೊದಲು ಪ್ಲಾಂಟ್, ಆಮೇಲೆ ಲೈನ್ ಅಂದ್ರೆ ಅರ್ಜೆಂಟಲ್ಲಿ ಪೊಲೀಸ್ ಕರೆಸಿ ಗುಂಡಿ ತೋಡೋ ಪರಿಸ್ಥಿತಿ ತಾನಾಗೇ ಬರುತ್ತೆ.

ಕೊನೇದಾಗಿ ನಿಮ್ಮ ಓದುಗರಿಗೆ ಒಂದು ವಿಷಯ. ಪ್ರಸರಣದ ಖರ್ಚೆಲ್ಲ ಕಡೆಗೆ ನಮ್ಮ ಬಿಲ್ಲಲ್ಲೇ ಬರೋದು. ಅದಕ್ಕೆ ಕೆಪಿಟಿಸಿಎಲ್ ತನ್ನ ಲೆಕ್ಕಪತ್ರ ಹಿಡ್ಕೊಂಡು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಹೋಗ್ಲೇಬೇಕು, ಆಯೋಗ ಸಾರ್ವಜನಿಕ ವಿಚಾರಣೆ ಮಾಡ್ಲೇಬೇಕು, ಯಾರು ಬೇಕಾದ್ರೂ ಆಕ್ಷೇಪಣೆ ಸಲ್ಲಿಸ್ಬಹುದು, ಲಾಯರ್ ಬೇಕಾಗಿಲ್ಲ. ನಾವು ಅಲ್ಲಿಗೆ ಹೋದ್ರೂ ಯೂನಿಟ್ಟಿಗೆ ಎಷ್ಟು ಪೈಸೆ ಅಂತ ಮಾತ್ರ ಜಗಳ ಆಡಿ ಬರ್ತೀವಿ, ಈ ಲೈನ್ ಯಾಕೆ, ಈ ದಾರಿ ಯಾಕೆ, ಬೇರೆ ದಾರಿ ನೋಡಿದ್ರಾ ಅಂತ ಕೇಳೋರು ಕಡಿಮೆ. ಮುಂದಿನ ವಿಚಾರಣೆಗೆ ನಮ್ಮ ತಾಲ್ಲೂಕಿನ ನಾಲ್ಕಾರು ಜನ ಸೇರಿ ಲೈನ್ ಕೆಳಗಿನ ಜಮೀನಿಗೆ ವಾರ್ಷಿಕ ಬಾಡಿಗೆ ಕೊಡಿ, ಸರ್ವೆ ನಂಬರ್ ಸಮೇತ ನಕ್ಷೆ ಪ್ರಕಟಿಸಿ ಅಂತ ಲಿಖಿತ ಆಕ್ಷೇಪಣೆ ಹಾಕ್ತಿದ್ದೀವಿ. ಕರಾವಳಿಯೋರು, ಕೊಡಗಿನೋರು, ಗದಗ ಕೊಪ್ಪಳದೋರು ನಿಮ್ಮ ನಿಮ್ಮ ಕಡೆಯಿಂದಲೂ ಹಾಕಿ. ಸಂಪಾದಕರೇ, ವಿಚಾರಣೆ ದಿನಾಂಕ ಬಂದಾಗ ಅದನ್ನ ದಯವಿಟ್ಟು ಜಿಲ್ಲಾ ಪುಟದಲ್ಲಿ ಸುದ್ದಿಯಾಗಿಯೇ ಹಾಕಿ, ಜಾಹೀರಾತಿನ ಮೂಲೆಗೆ ಬಿಡ್ಬೇಡಿ.

ಇತಿ,
ಹೊಳಲ್ಕೆರೆ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ
ಚಿತ್ರದುರ್ಗ ಜಿಲ್ಲೆ